ಯಾರು ಬರೆದ ‘ಇಲ್ಲ’?

ಹಲ್ಲಿನ ಸೆಟ್ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ, ಆರು ಜನ. ದಂತವೈದ್ಯರು ಕಳಿಸಿದ ಅಳತೆಗೆ, ಎಲ್ಲರೂ ಗಾರೆ ಮಾವ ಎನ್ನುತ್ತಿದ್ದ ಹಿರಿಯ ಕೆಲಸಗಾರ ಗಾರೆ ಹುಯ್ದು ಬಾಯಿಯ ಅಚ್ಚು ತೆಗೆಯುತ್ತಿದ್ದ. ಆ ಅಚ್ಚಿನ ಮೇಲೆ ಮೇಣದಕ್ಕ ಗುಲಾಬಿ ಮೇಣದ ವಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಳು. ಹದಿನಾರು ವರ್ಷದಲ್ಲಿ ಎಷ್ಟು ಬಾಯಿ ತುಂಬಿಸಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಅನುಮಾನ ಅವಳ ಕಸುಬಿನ ಒಂದು ಭಾಗವೇ ಆಗಿತ್ತು. ಅಚ್ಚು ನೋಡಲು ನುಣುಪಾಗಿದ್ದರೂ ಒಳಗೊಂದು ಗಾಳಿಗುಳ್ಳೆ ಅಡಗಿರಬಹುದು. ಅದು ಕಣ್ತಪ್ಪಿದರೆ ಯಾರೋ ಒಬ್ಬ ಮುದುಕಪ್ಪ ತಿಂಗಳುಗಟ್ಟಲೆ ವಸಡು ಹುಣ್ಣು ಮಾಡಿಕೊಳ್ಳುತ್ತಾನೆ. ಅದಕ್ಕೇ ಪ್ರತಿ ಅಚ್ಚನ್ನೂ ಭೂತಗನ್ನಡಿ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. “ನೋಡೇ, ನಿನ್ನ ಮಾವನ ಕೈ ಮೇಲೂ ನಂಬಿಕೆ ಇಲ್ವಾ?” ಎಂದು ಗಾರೆ ಮಾವ ರೇಗಿಸಿದರೆ, “ಮಾವನ ಮೇಲೆ ನಂಬಿಕೆ ಇದೆ, ಮಾವನ ಗಾರೆ ಮೇಲೆ ಇಲ್ಲ” ಎನ್ನುತ್ತಿದ್ದಳು.

ಆದರೆ ಅವಳ ಅನುಮಾನದ ಬೇರು ಕಸುಬಿಗಿಂತ ಹಳೆಯದು. ಒಂಬತ್ತನೇ ವಯಸ್ಸಿನಲ್ಲಿ ಕೀಲುಗಳನ್ನು ಊದಿಸಿದ ಒಂದು ಕೆಟ್ಟ ಜ್ವರ, ಬಿಟ್ಟು ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಅದು ಪೂರ್ತಿ ಮುಚ್ಚುತ್ತಿರಲಿಲ್ಲ. “ಯಾರ ಹತ್ರಾನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ಯಾರೂ ಹತ್ರ ಸೇರಿಸಲ್ಲ” ಎಂದು ಅಮ್ಮ ಕಿವಿಯಲ್ಲಿ ಹೇಳಿದ್ದಳು. ಇಪ್ಪತ್ನಾಲ್ಕರಲ್ಲಿ, ಮೊದಲ ಕೆಲಸದಲ್ಲಿ, ಅಮ್ಮನ ಮಾತು ಮೀರಿ ವಿಮೆಯ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಹದಿನೈದೇ ದಿನಕ್ಕೆ ವಿಮೆ ಕಂಪನಿಯಿಂದ ‘ಪರಿಗಣಿಸಲು ಸಾಧ್ಯವಿಲ್ಲ’ ಎಂಬ ಕಾಗದ ಬಂತು. ಅದರ ಮುಂದಿನ ತಿಂಗಳು ಕೆಲಸಕ್ಕೂ ಬೇರೊಬ್ಬಳು ಸಿಕ್ಕಳು. ಎರಡಕ್ಕೂ ಸಂಬಂಧ ಇದೆಯೆಂದು ಯಾರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆಮೇಲೆ ಎಲ್ಲೇ ಕೇಳಿದರೂ ಅವಳ ಉತ್ತರ ‘ಇಲ್ಲ’.

ಗಂಡನಿಗೂ ಹೇಳಿರಲಿಲ್ಲ. ಮದುವೆಯಾದ ಎರಡನೇ ವರ್ಷ ಮಗಳು ಹುಟ್ಟಿದಾಗ ಅವಳಿಗೆ ಉಸಿರು ಕಟ್ಟಿ, ಹೆರಿಗೆ ವಾರ್ಡಿನ ವೈದ್ಯರು ಕವಾಟದ ವಿಷಯ ಎತ್ತಿದರು. ಹೆರಿಗೆಯಿಂದ ಬಂದ ತೊಂದರೆ ಎಂದು ಗಂಡ ತಿಳಿದುಕೊಂಡ. ಅವಳು ತಿದ್ದಲಿಲ್ಲ. ಈಗ ಮಗಳು ದೂರದ ಹಾಸ್ಟೆಲಿನಲ್ಲಿದ್ದು ಓದುವಷ್ಟು ದೊಡ್ಡವಳಾಗಿದ್ದಳು. ಆ ತಪ್ಪು ತಿಳಿವಳಿಕೆಗೂ ಅಷ್ಟೇ ವಯಸ್ಸಾಗಿತ್ತು.

ಆ ವರ್ಷ ಕಾರ್ಖಾನೆಯ ಮೆಟ್ಟಿಲು ಹತ್ತುವುದು ಕಷ್ಟವಾಗತೊಡಗಿತು. ಅರ್ಧಕ್ಕೆ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡುವ ನಟನೆ ಮಾಡುತ್ತಿದ್ದಳು. ಹೃದಯದ ವೈದ್ಯರು ನೋಡಿ, ಒಂದು ವರ್ಷದೊಳಗೆ ಕವಾಟ ಬದಲಾಯಿಸಲೇಬೇಕು ಎಂದರು. ಗಂಡ ಹೆಂಡತಿ ಇಬ್ಬರೂ ಸೇರಿ ಏಳು ಜನ್ಮ ದುಡಿದರೂ ಕೈಗೆಟುಕದ ಚಿಕಿತ್ಸೆ ಅದು.

ಅದೇ ಹೊತ್ತಿಗೆ ಯಜಮಾನರು ಒಂದು ಬೆಳಿಗ್ಗೆ ಎಲ್ಲರನ್ನೂ ಮೇಜಿನ ಸುತ್ತ ಕರೆದರು. ಅವರ ಪಕ್ಕದಲ್ಲಿ ವಿಮೆಯ ಏಜೆಂಟ್ ನಿಂತಿದ್ದ. ಮಾತಿಗಿಂತ ಮೊದಲು ನಗು, ಮಾತು ಮುಗಿದ ಮೇಲೂ ನಗು. ಅವನು ಬಂದ ಐದೇ ನಿಮಿಷಕ್ಕೆ ಗಾರೆ ಮಾವ ಅವನಿಗೆ ನಗೆಮುಖ ಎಂದು ಹೆಸರಿಟ್ಟಾಗಿತ್ತು.

“ಹೊಸ ಕಾನೂನು ಬಂದಿದೆ,” ಎಂದರು ಯಜಮಾನರು. “ಇಷ್ಟೇ ಜನ ಇದ್ರೂ ಕಾರ್ಖಾನೆಯವರು ಎಲ್ರಿಗೂ ಆರೋಗ್ಯ ವಿಮೆ ಮಾಡಿಸ್ಬೇಕು. ಮೊದ್ಲೇ ಕಾಯಿಲೆ ಇದೆ ಅಂತ ಕಂಪನಿ ಯಾರನ್ನೂ ಕೈಬಿಡೋ ಹಾಗಿಲ್ಲ. ಆ ಕಾಯಿಲೆ ಒಂದನ್ನ ಮಾತ್ರ ಹೊರಗಿಡ್ತೀವಿ ಅನ್ನೋ ಹಾಗೂ ಇಲ್ಲ. ಇರೋದನ್ನ ಬರೀರಿ, ಅಷ್ಟೇ.”

“ನಿಶ್ಚಿಂತೆಯಾಗಿ ಬರೀರಿ ಅಕ್ಕ,” ಎಂದ ನಗೆಮುಖ, ಮೇಣದಕ್ಕನತ್ತಲೇ ತಿರುಗಿ.

 ಆರು ಜನ ಇದ್ದಾರೆ, ನನ್ನನ್ನೇ ಯಾಕೆ ನೋಡಿದ? ಮೆಟ್ಟಿಲ ಮೇಲೆ ನಿಂತದ್ದನ್ನು ಕಂಡಿದ್ದನೇ?

ಗಾರೆ ಮಾವ ಅಲ್ಲೇ ಕೂತು, “ಸಕ್ಕರೆ ಕಾಯಿಲೆಗೆ ‘ಹೌದು’. ಬಿಪಿಗೆ ‘ಹೌದು’. ಹೆಂಡ್ತಿ ಕಾಟಕ್ಕೆ ಕಾಲಮ್ಮೇ ಇಲ್ವಲ್ಲಪ್ಪ!” ಎಂದು ಎಲ್ಲರಿಗೂ ಕೇಳುವಂತೆ ತುಂಬಿ, ನಗೆಮುಖನ ಕೈಗೇ ಕೊಟ್ಟ. ಪಿಂಗಾಣಿ ಹಲ್ಲಿಗೆ ಬಣ್ಣ ಕೊಡುವವಳು, ಎಲ್ಲರ ಬಾಯಲ್ಲಿ ಬಣ್ಣದಕ್ಕ, ತನ್ನ ಆಸ್ತಮಾ ಬರೆದಳು. ಮೇಣದಕ್ಕ ಮಾತ್ರ, “ಮನೇಲಿ ಓದಿ ತುಂಬಿ ಕಳಿಸ್ತೀನಿ” ಎಂದು ಅರ್ಜಿಯನ್ನು ಚೀಲಕ್ಕೆ ಸೇರಿಸಿದಳು.

ಗಂಡ ನೀರಿನ ಮೀಟರ್ ಓದುವವನು. ದಿನಕ್ಕೆ ಇನ್ನೂರು ಮನೆಯ ಗೇಟು ತೆರೆದು, ಎಲ್ಲರ ನಾಯಿಗಳ ಪರಿಚಯವಿದ್ದವನು. ಅವನಿಗೆ ಆ ಅರ್ಜಿ ಕಂಡರೇ ಆಗಲಿಲ್ಲ.

“ಇಷ್ಟು ದಿನ ಬಾಗಿಲು ಹಾಕ್ಕೊಂಡು ಕೂತಿದ್ದೋರು ಈಗ ಏಕಾಏಕಿ ಬಾ ಬಾ ಅಂತಾರೆ ಅಂದ್ರೆ ಏನೋ ಇದೆ ಕಣೇ. ‘ಇಲ್ಲ’ ಅಂತ ಬರ್ದು ಬಿಸಾಕು. ಒಳಗೆ ಸೇರ್ಕೊ. ಆಮೇಲೆ ನೋಡ್ಕೊಳ್ಳೋಣ.”

ಅವಳಿಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಸುಳ್ಳು ಹೇಳಿದರೂ ಬಲೆ, ನಿಜ ಹೇಳಿದರೂ ಬಲೆ ಎಂದಾದರೆ, ಬಲೆ ಹೆಣೆದ ದಾರವನ್ನಾದರೂ ಒಮ್ಮೆ ಮುಟ್ಟಿ ನೋಡಬೇಕೆಂದು ಅವಳಿಗೆ ಹಟ ಬಂತು.

ಸಾರ್ವಜನಿಕ ಗ್ರಂಥಾಲಯದ ಕೆಳಮಹಡಿಯಲ್ಲಿ ಶನಿವಾರ ಬೆಳಿಗ್ಗೆ ಒಬ್ಬ ವಕೀಲೆ ಕೂತು ಪುಕ್ಕಟೆ ಸಲಹೆ ಕೊಡುತ್ತಿದ್ದಳು. ಐವತ್ತು ದಾಟಿದವಳು, ನೆಗಡಿಯ ದನಿ, ಮೇಜಿನ ಮೇಲೆ ಅಲ್ಲಲ್ಲಿ ಗುರುತಿನ ಚೀಟಿ ಅಂಟಿಸಿದ ಕಾನೂನಿನ ಪ್ರತಿ. ಮೇಣದಕ್ಕ ತನ್ನ ಕಾಯಿಲೆಯನ್ನು ‘ನಮ್ಮ ಪರಿಚಯದವರೊಬ್ಬರಿಗೆ’ ಎಂದು ಹೇಳಿದಳು. ವಕೀಲೆ ಮುಖ ನೋಡದೆ ಕೇಳಿಸಿಕೊಂಡಳು.

“ನಿಮ್ಮ ಪರಿಚಯದವರು ನಿಜ ಬರೆದ್ರೆ ಕಂಪನಿ ಅವರನ್ನ ಕೈಬಿಡೋ ಹಾಗಿಲ್ಲ. ಬೇಕಂತ ಸುಳ್ಳು ಬರೆದ್ರೆ ಕೈಬಿಡಬಹುದು. ಕಂಪನಿಗೆ ಉಳಿದಿರೋದು ಅದೊಂದೇ ಬಾಗಿಲು.”

“ಇಷ್ಟು ಕರುಣೆ ಯಾಕೆ ಬಂತು ಇವ್ರಿಗೆ?”

“ಕರುಣೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲಮ್ಮ,” ವಕೀಲೆ ಪುಟ ತಿರುಗಿಸಿ ಅವಳತ್ತ ನೂಕಿದಳು. “ನಂಬಿ ಅಂತಲೂ ಬರೆದಿಲ್ಲ. ಇದನ್ನ ಓದಿ.”

ಮೇಣದಕ್ಕ ಚೀಲದಿಂದ ಭೂತಗನ್ನಡಿ ತೆಗೆದು, ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ವಿಮೆಗೆ ಸೇರಿದವರು ತಮ್ಮ ಹೆಸರಿನಲ್ಲಿ ಸಲ್ಲಿಕೆಯಾದ ಅರ್ಜಿಯ ನಕಲನ್ನು ಕೇಳಿ ಪಡೆಯಬಹುದು. ತಪ್ಪಿದ್ದರೆ ಸೇರಿದ ಮೂವತ್ತು ದಿನದೊಳಗೆ ತಿದ್ದಿಸಬಹುದು. ಆಮೇಲೆ ಅದರಲ್ಲಿರುವುದೇ ಅವರ ಮಾತೆಂದು ಪರಿಗಣಿಸಲಾಗುತ್ತದೆ.

“ನಕಲು ಯಾಕೆ ತಗೋಬೇಕು? ಬರೆದೋಳು ನಾನೇ ಅಲ್ವಾ?” ಎಂದು ಕೇಳಿದವಳು ನಾಲಿಗೆ ಕಚ್ಚಿಕೊಂಡಳು.

ವಕೀಲೆ ಮೊದಲ ಬಾರಿಗೆ ನಕ್ಕಳು. “ಪರಿಚಯದವರಿಗೆ ಹೇಳಿ, ಸುಮ್ನೆ ಒಂದು ನಕಲು ತಗೊಳ್ಳೋಕೆ.”

ಆ ಭಾನುವಾರ ಅವಳು ಅರ್ಜಿ ತುಂಬಿದಳು. ಮೂರನೇ ಪುಟದಲ್ಲಿ ‘ಹೃದಯ ಸಂಬಂಧಿ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದಳು. ‘ಯಾವಾಗಿನಿಂದ’ ಎಂಬಲ್ಲಿ ‘ಒಂಬತ್ತನೇ ವಯಸ್ಸಿನಿಂದ’ ಎಂದು ಬರೆದು, ಅಡುಗೆಮನೆಯಲ್ಲಿದ್ದ ಗಂಡನ ಬೆನ್ನು ನೋಡಿದಳು. ಐದನೇ ಪುಟದಲ್ಲಿ ಸಹಿ ಹಾಕಿ, ಲಕೋಟೆಗೆ ಅಂಟು ಬಳಿದು, ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಏಜೆಂಟನ ಕಚೇರಿ ಗಂಡನ ಸೋಮವಾರದ ಬೀದಿಗಳಲ್ಲೇ ಇತ್ತು. ಬೆಳಿಗ್ಗೆ ಅವನೇ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದ.

“ಕೊಟ್ರಾ?” ಎಂದಳು ಸಂಜೆ.

“ಕೊಟ್ಟೆ,” ಎಂದ ಅವನು, ಶೂ ಬಿಚ್ಚುತ್ತಾ, ತಲೆ ಎತ್ತದೆ.

ವಾರದೊಳಗೆ ಆರು ಜನಕ್ಕೂ ವಿಮೆಯ ಕಾರ್ಡು ಬಂತು. ತಡೆಯಿಲ್ಲ, ಪ್ರಶ್ನೆಯಿಲ್ಲ, ತಪಾಸಣೆಗೆ ಬನ್ನಿ ಎಂಬ ಫೋನೂ ಇಲ್ಲ. ಎಲ್ಲರೂ ಖುಷಿಯಾದರು. ಅವಳು ಮಾತ್ರ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೆಟ್ಟ ಕವಾಟದ ಕಥೆ ಓದಿದ ಮೇಲೂ ಒಬ್ಬ ಮನುಷ್ಯ ಒಂದೂ ಪ್ರಶ್ನೆ ಕೇಳದೆ ಕಾರ್ಡು ಕಳಿಸುತ್ತಾನೆಯೇ? ನುಣುಪಾದ ಅಚ್ಚಿನ ಮೇಲೆ ಬೆರಳಾಡಿಸಿದಂತೆ ಆ ಕಾರ್ಡಿನ ಮೇಲೆ ಬೆರಳಾಡಿಸಿದಳು.

ನಗೆಮುಖನಿಗೆ ಫೋನು ಮಾಡಿ ನಕಲು ಕೇಳಿದಳು.

“ನಕಲಾ? ಕಾರ್ಡು ಬಂತಲ್ಲ ಅಕ್ಕ!”

“ಬಂತು. ನಕಲೂ ಬೇಕು.”

“ಕಳಿಸ್ತೀನಿ ಬಿಡಿ.” ಮೂರು ದಿನ ಕಳೆಯಿತು. “ಯಂತ್ರ ಕೆಟ್ಟಿದೆ ಅಕ್ಕ.” ಮತ್ತೆ ನಾಲ್ಕು ದಿನ. “ಫೈಲು ಮುಖ್ಯ ಕಚೇರಿಗೆ ಹೋಗಿದೆ ಅಕ್ಕ.” ಯಜಮಾನರಿಗೇ ಅವನು ದೂರು ಹೇಳಿದ. ಯಜಮಾನರು ಅವಳ ಮೇಜಿನ ಹತ್ತಿರ ಬಂದು, “ಏನಮ್ಮಾ, ಎಲ್ಲಾ ಸುಸೂತ್ರವಾಗಿ ಆಗಿರೋದನ್ನ ಯಾಕೆ ಕೆದಕ್ತೀಯ?” ಎಂದರು. ಇವರಿಗೂ ಇದರಲ್ಲಿ ಏನೋ ಗೊತ್ತಿದೆ ಎಂದು ಅವಳು ಆ ಹೊತ್ತೇ ತೀರ್ಮಾನಿಸಿದಳು. ಅಲ್ಲೇ ಲೆಕ್ಕ ಬರೆಯುತ್ತಿದ್ದ ಯಜಮಾನರ ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿದರೂ, ಬಣ್ಣದಕ್ಕ ಪಕ್ಕದವರೊಂದಿಗೆ ನಕ್ಕರೂ ಅವಳ ಕಿವಿ ನಿಮಿರುತ್ತಿತ್ತು.

ಕೊನೆಗೆ ವಕೀಲೆ ಹೇಳಿಕೊಟ್ಟ ಹಾಗೆ ನೇರವಾಗಿ ಕಂಪನಿಗೇ ಕಾಗದ ಬರೆದಳು. ವಿಮೆಗೆ ಸೇರಿದ ಇಪ್ಪತ್ತೆರಡನೇ ದಿನ ಅಂಚೆಯಲ್ಲಿ ನಕಲು ಬಂತು. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಅದನ್ನು ಬಿಚ್ಚಿದಳು. ಮೂರನೇ ಪುಟ.

ಹೃದಯ ಸಂಬಂಧಿ ಕಾಯಿಲೆ ಇದೆಯೇ? ಇಲ್ಲ.

ರಕ್ತದೊತ್ತಡ? ಇಲ್ಲ. ಮೂತ್ರಪಿಂಡ? ಇಲ್ಲ. ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ. ಅಕ್ಷರ ಅವಳದಲ್ಲ. ಐದನೇ ಪುಟದ ಸಹಿ ಮಾತ್ರ ಅವಳದೇ.

ಯಾರೋ ಆ ಒಂದು ಪುಟ ತೆಗೆದು ಬೇರೆ ಪುಟ ಸೇರಿಸಿದ್ದರು.

ಇನ್ನು ಎಂಟು ದಿನ ಕಳೆದರೆ ಆ ‘ಇಲ್ಲ’ಗಳೆಲ್ಲ ಅವಳ ಬಾಯಿಂದ ಬಂದವೇ ಆಗುತ್ತಿದ್ದವು. ಶಸ್ತ್ರಚಿಕಿತ್ಸೆಗೆ ಹೋಗಿ ಮಲಗಿದ ದಿನ ಕಂಪನಿಯವರು ಈ ಪುಟ ತೆಗೆದು, ನೀನು ಸುಳ್ಳು ಹೇಳಿದ್ದೀಯ ಎನ್ನುತ್ತಿದ್ದರು. ಹುಟ್ಟಿದ ಮೇಲೆ ಎರಡನೇ ಸಲ ನಿಜ ಬರೆದಿದ್ದಳು. ಆ ನಿಜದ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು.

ಯಾರು? ಲಕೋಟೆಯನ್ನು ಮುಟ್ಟಿದವರು ಅವಳನ್ನು ಬಿಟ್ಟರೆ ಇಬ್ಬರೇ. ‘ಇಲ್ಲ ಅಂತ ಬರ್ದು ಬಿಸಾಕು’ ಎಂದು ಹೇಳಿದ್ದವನು ಒಬ್ಬನೇ.

ಕಪಾಟಿನ ಮೇಲೆ ಗಂಡನ ಹಳೆಯ ಮೀಟರ್ ಪುಸ್ತಕಗಳ ಕಟ್ಟಿತ್ತು. ಮನೆಗೆ ಬೀಗ ಹಾಕಿದ್ದರೆ ಅವನು ಆ ಸಾಲಿನಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದ. ನೂರಾರು ‘ಇಲ್ಲ’ಗಳು. ಅವಳು ನೆಲದ ಮೇಲೆ ಕೂತು ಭೂತಗನ್ನಡಿ ಹಿಡಿದು ಹೋಲಿಸಿದಳು. ‘ಇ’ಯ ತಲೆ ಹೀಗೇ ಬಾಗುತ್ತದೆ. ಒತ್ತಕ್ಷರದ ಬಾಲ ಹೀಗೇ ಎಡಕ್ಕೆ ಹೊರಳುತ್ತದೆ. ನೋಡಿದಷ್ಟೂ ಹೋಲುತ್ತಿತ್ತು. ಹೋಲದೇ ಇದ್ದ ಕಡೆ, ಅವಸರದಲ್ಲಿ ಬರೆದಿರಬೇಕು ಎಂದುಕೊಂಡಳು.

ತಲೆ ಎತ್ತಿದಾಗ ಬಾಗಿಲಲ್ಲಿ ಅವನು ನಿಂತಿದ್ದ. ಊಟಕ್ಕೆಂದು ಬಂದಿದ್ದ.

“ಏನ್ ಹುಡುಕ್ತಿದ್ದೀಯ?”

ಅವಳು ಮೂರನೇ ಪುಟವನ್ನು ಅವನ ಮುಂದೆ ಹಿಡಿದಳು. ಅವನು ಓದಿದ. ಆಮೇಲೆ ಹರಡಿದ್ದ ಪುಸ್ತಕಗಳನ್ನೂ ಭೂತಗನ್ನಡಿಯನ್ನೂ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಅದು ಸಿಕ್ಕಿಬಿದ್ದವನ ಮುಖವೋ, ಏಟು ತಿಂದವನ ಮುಖವೋ ಅವಳಿಗೆ ತಿಳಿಯಲಿಲ್ಲ.

“ನಾನು ಬರೆದಿಲ್ಲ,” ಎಂದ.

“ಲಕೋಟೆ ತೆಗೆದೇ ಇಲ್ವಾ?”

ಅವನು ಒಂದು ಕ್ಷಣ ತಡೆದ. “ನಾನು ಬರೆದಿಲ್ಲ ಅಂತ ಹೇಳಿದ್ನಲ್ಲ.”

ಆ ಒಂದು ಕ್ಷಣ ಸಾಕಾಯಿತು ಅವಳಿಗೆ. ಊಟ ಮಾಡದೆ ಅವನು ಹೋದ. ಮೂರು ದಿನ ಮನೆಯಲ್ಲಿ ತಟ್ಟೆ ಲೋಟಗಳು ಮಾತಾಡಿದವು, ಮನುಷ್ಯರು ಆಡಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದವನನ್ನು ಅವಳು ಓರೆಗಣ್ಣಿನಿಂದ ಗಮನಿಸಿದಳು: ಹಲ್ಲುಜ್ಜುವಾಗ, ಬೀಗ ಹಾಕುವಾಗ, ಮಗಳೊಡನೆ ಫೋನಿನಲ್ಲಿ ನಗುವಾಗ. ಎಲ್ಲವೂ ನಟನೆಯಂತೆ ಕಂಡಿತು.

ಇಪ್ಪತ್ತೈದನೇ ದಿನ ಗಾರೆ ಮಾವ ಅವಳ ಹತ್ತಿರ ಬಂದು ಕೂತ. “ಏನೇ, ಮೇಣಕ್ಕಿಂತ ನೀನೇ ಮೊದ್ಲು ಕರಗ್ತಿದ್ದೀಯ. ಏನಾಯ್ತು ಹೇಳು.”

ಯಾರಿಗೂ ಹೇಳಬಾರದೆಂದಿದ್ದಳು. ಆದರೆ ಮಾವನ ಗಾರೆ ಮೆತ್ತಿದ ಕೈ ಮೇಜಿನ ಮೇಲಿತ್ತು, ಅದನ್ನು ನೋಡುತ್ತಾ ಹೇಳಿಬಿಟ್ಟಳು. ಕವಾಟದ ವಿಷಯವನ್ನೂ, ಗಂಡನ ವಿಷಯವನ್ನೂ.

ಗಾರೆ ಮಾವ ಗಡ್ಡ ಕೆರೆದುಕೊಂಡ. “ನಿನ್ನ ನೋಡಿ ನಾನೂ ಕಂಪನಿಗೇ ಬರ್ದು ಒಂದು ನಕಲು ತರಿಸಿದೀನಿ. ಲಕೋಟೇನೇ ಒಡೆದಿಲ್ಲ. ಓದೋಕೆ ಬೇಜಾರು.” ಚೀಲದಿಂದ ತೆಗೆದು, ಅವಳ ಕೈಗೆ ಕೊಟ್ಟ. “ನೀನೇ ನೋಡು.”

ಅವಳು ಮೂರನೇ ಪುಟ ತೆರೆದಳು. ಸಕ್ಕರೆ ಕಾಯಿಲೆ? ಇಲ್ಲ. ರಕ್ತದೊತ್ತಡ? ಇಲ್ಲ.

“ಎಲಾ ಇವನ!” ಎಂದ ಗಾರೆ ಮಾವ. “ಒಂದೇ ಏಟಿಗೆ ನನ್ನ ಸಕ್ಕರೆ ವಾಸಿ ಮಾಡಿಬಿಟ್ಟಿದ್ದಾನಲ್ಲ!”

ಮೇಣದಕ್ಕ ನಗಲಿಲ್ಲ. ಎರಡು ಪುಟಗಳನ್ನೂ ದೀಪದ ಕೆಳಗೆ ಪಕ್ಕ ಪಕ್ಕ ಇಟ್ಟು ಭೂತಗನ್ನಡಿ ಹಿಡಿದಳು. ಅದೇ ‘ಇ’, ಅದೇ ಬಾಲ, ಅದೇ ಪೆನ್ನು. ಗಾರೆ ಮಾವ ತನ್ನ ಅರ್ಜಿಯನ್ನು ಎಲ್ಲರ ಎದುರಿಗೆ ನಗೆಮುಖನ ಕೈಗೇ ಕೊಟ್ಟಿದ್ದ. ಅದನ್ನು ಅವಳ ಗಂಡ ಕಣ್ಣಿನಿಂದ ಕೂಡ ನೋಡಿರಲಿಲ್ಲ.

ಅವಳು ಭೂತಗನ್ನಡಿ ಕೆಳಗಿಟ್ಟಳು. ಕಳ್ಳ ಸಿಕ್ಕ ಸಮಾಧಾನಕ್ಕಿಂತ, ಕಳ್ಳನಲ್ಲದವನನ್ನು ಮೂರು ದಿನ ಕಳ್ಳನಂತೆ ನೋಡಿದ ನಾಚಿಕೆಯೇ ಮೊದಲು ಬಂತು.

ಅಂದೇ ಅವರಿಬ್ಬರೂ ಯಜಮಾನರ ಮುಂದೆ ಹೋಗಿ ನಿಂತರು. ಯಜಮಾನರು ಮೊದಲು ಗದರಿದರು, ಆಮೇಲೆ ಓದಿದರು, ಆಮೇಲೆ ಕುರ್ಚಿಯಲ್ಲಿ ಕುಸಿದರು. ಅವರ ಹೆಂಡತಿಗೂ ಥೈರಾಯ್ಡ್ ತೊಂದರೆ ಇತ್ತು, ಅವಳೂ ‘ಹೌದು’ ಎಂದು ಬರೆದಿದ್ದಳು. ಅರ್ಜಿಗಳ ಜೊತೆ ಏಜೆಂಟ್ ಲಗತ್ತಿಸಿದ ಪತ್ರಕ್ಕೆ ಯಜಮಾನರು ಓದದೆ ಸಹಿ ಹಾಕಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಫೋನು ಮಾಡಿ ನಗೆಮುಖನನ್ನು ಕರೆಸಿದರು.

ಅವನು ಬಂದ. ಎರಡು ಪುಟಗಳನ್ನು ನೋಡಿದ ಮೇಲೂ ನಗು ಪೂರ್ತಿ ಹೋಗಲಿಲ್ಲ, ಬಾಯಿಯ ಒಂದು ಮೂಲೆಯಲ್ಲಿ ಅಂಟಿಕೊಂಡಿತ್ತು.

“ನಿಮಗೋಸ್ಕರವೇ ಮಾಡಿದ್ದು ಅಕ್ಕ. ‘ಹೌದು’ ಇರೋ ಫೈಲು ಬೇರೆ ಮೇಜಿಗೆ ಹೋಗುತ್ತೆ. ಅಲ್ಲಿ ವಾರಗಟ್ಟಲೆ ಕೂರುತ್ತೆ, ಹತ್ತು ಪ್ರಶ್ನೆ ಕೇಳ್ತಾರೆ. ಕ್ಲೀನ್ ಫೈಲಾದ್ರೆ ಒಂದೇ ದಿನ. ಬೇಗ ಆಗ್ಲಿ ಅಂತ...”

“ಮುಂದೆ ನಾನು ಆಸ್ಪತ್ರೆಗೆ ಸೇರಿದಾಗ?” ಎಂದಳು ಮೇಣದಕ್ಕ.

“ಆಗ ನೋಡ್ಕೊಳ್ಳಬಹುದಿತ್ತು.”

“ಯಾರು?”

ಅವನು ಎರಡು ಪುಟಗಳನ್ನೂ ಜೋಡಿಸಿ ಮೇಜಿನ ಮೇಲಿಟ್ಟ.

“ನಿನಗೆ ಹೀಗೆ ಮಾಡು ಅಂತ ಹೇಳಿದ್ದು ಯಾರಪ್ಪ?” ಎಂದ ಗಾರೆ ಮಾವ. ಆ ಪ್ರಶ್ನೆಗೆ ನಗೆಮುಖನ ನಗು ಪೂರ್ತಿ ಆರಿತು. ಫೋನು ಬಂದವನಂತೆ ಎದ್ದು ಹೊರಗೆ ಹೋದವನು ತಿರುಗಿ ಬರಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳು ಗಂಡನ ಮುಂದೆ ಗಾರೆ ಮಾವನ ಪುಟವಿಟ್ಟಳು. ಅವನು ಓದಿ, ಮಡಿಸಿ, ವಾಪಸು ಕೊಟ್ಟ. “ಸರಿ, ಗೊತ್ತಾಯ್ತಲ್ಲ,” ಎಂದಷ್ಟೇ ಹೇಳಿದ. ತಪ್ಪಾಯಿತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು, ಈಚೆ ಬರಲಿಲ್ಲ.

ಇಪ್ಪತ್ತೇಳನೇ ದಿನ ಆರು ಜನವೂ ವಕೀಲೆಯ ಮುಂದೆ ಸಾಲಾಗಿ ಕೂತು ತಿದ್ದುಪಡಿ ಅರ್ಜಿ ಬರೆದರು. ಜೊತೆಗೆ ವಿಮಾ ದೂರುಗಳ ಅಧಿಕಾರಿಗೆ ಒಂದು ದೂರು. ‘ಪರಿಚಯದವರು’ ಯಾರೆಂದು ವಕೀಲೆ ಕೇಳಲಿಲ್ಲ. “ಒಂದೊಂದಕ್ಕೂ ನಕಲು ಇಟ್ಕೊಳ್ಳಿ” ಎಂದಳು. “ನನ್ನ ಹತ್ರ ಕೊಟ್ಟಿದ್ದಕ್ಕೂ.”

ಕಂಪನಿ ಮೊದಲು ಜಗ್ಗಲಿಲ್ಲ. ಮೇಣದಕ್ಕನ ಹೃದಯದ ಕಾಯಿಲೆಯನ್ನು ಬಿಟ್ಟು ಉಳಿದದ್ದಕ್ಕೆ ವಿಮೆ ಕೊಡುತ್ತೇವೆ ಎಂದು ಸಕ್ಕರೆಯಂಥ ಭಾಷೆಯಲ್ಲಿ ಕಾಗದ ಬರೆಯಿತು. ಅದನ್ನು ಓದಿದ ವಕೀಲೆ ಮೂಗು ಒರೆಸಿಕೊಂಡು, “ಕಾನೂನು ಯಾವುದನ್ನ ಮಾಡಬಾರದು ಅಂದಿದೆಯೋ ಅದನ್ನೇ ಲೆಟರ್‌ಹೆಡ್‌ನಲ್ಲಿ ಬರ್ದು ಕೊಟ್ಟಿದ್ದಾರೆ. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?” ಎಂದಳು.

ಎರಡು ತಿಂಗಳ ಮೇಲೆ ವಿಚಾರಣೆ ನಡೆಯಿತು. ಬಿಳಿ ಗೋಡೆಯ ಸಣ್ಣ ಕೋಣೆ, ಉದ್ದ ಮೇಜು, ತುದಿಯಲ್ಲಿ ದೂರುಗಳ ಅಧಿಕಾರಿ. ಕಂಪನಿಯ ಪ್ರತಿನಿಧಿ ಎದ್ದು, ಏಜೆಂಟ್ ತಾನೇ ತಾನಾಗಿ ಮಾಡಿದ ತಪ್ಪು ಇದು, ಕಂಪನಿಗೆ ಏನೂ ಗೊತ್ತಿಲ್ಲ, ಅವನನ್ನು ತೆಗೆದಾಗಿದೆ ಎಂದ. ಅಧಿಕಾರಿ ಒಂದು ದಪ್ಪ ಕಡತ ಮುಂದೆ ಎಳೆದುಕೊಂಡರು. ಅದೇ ಶಾಖೆಯಿಂದ ಬೇರೆ ಬೇರೆ ಕಾರ್ಖಾನೆಗಳ ಅರ್ಜಿ ತರಿಸಿದ್ದರು. ಆ ‘ಇಲ್ಲ’ದ ಬಾಲ ಇನ್ನೂ ಮೂವತ್ತೊಂದು ಅರ್ಜಿಗಳಲ್ಲಿ ಹೊರಳಿತ್ತು. “ಮೂವತ್ತೇಳು ಜನ, ಒಬ್ಬರಿಗೂ ಒಂದು ನೆಗಡಿ ಕೂಡ ಇಲ್ಲ. ಇದು ನಿಮ್ಮ ಕಚೇರೀಲಿ ಯಾರ ಕಣ್ಣಿಗೂ ಬೀಳ್ಲಿಲ್ವಾ?” ಎಂದು ಕೇಳಿದರು. ಪ್ರತಿನಿಧಿ ನೀರು ಕುಡಿದ.

ಆಮೇಲೆ ಮೇಣದಕ್ಕನತ್ತ ತಿರುಗಿದರು. “ನಿಮ್ಮ ಅರ್ಜಿ ಏಜೆಂಟ್ ಕೈಗೆ ಹೋಗೋ ಮುಂಚೆ ಬೇರೆ ಯಾರಾದ್ರೂ ಮುಟ್ಟಿದ್ರಾ?”

ಹಿಂದಿನ ಸಾಲಿನಲ್ಲಿ ಗಂಡ ಕೂತಿದ್ದ. ಅವಳು ಎದ್ದು ನಿಂತಳು.

“ನನ್ನ ಗಂಡ ತಗೊಂಡು ಹೋಗಿ ಕೊಟ್ಟಿದ್ದು ಸಾರ್. ನಾನು ಮೊದ್ಲು ಅವರನ್ನೇ ಅನುಮಾನಿಸ್ದೆ. ಅವರ ಪುಸ್ತಕ ತೆಗ್ದು ಅಕ್ಷರ ಹೋಲಿಸ್ದೆ. ನನ್ನದೇ ತಪ್ಪು. ಅವರು ಬರೆದಿಲ್ಲ.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡರು.

ಮನೆಗೆ ಹೋಗುವ ಬಸ್ಸಿನಲ್ಲಿ ಗಂಡ ಇಬ್ಬರ ಟಿಕೆಟ್ಟೂ ತೆಗೆದ. ಆಮೇಲೆ, “ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?” ಎಂದ.

“ಮನೇಲಿ ಹೇಳೋಕೆ ಬಾಯಿ ಬರ್ಲಿಲ್ಲ.”

ಬಸ್ಸು ಒಂದು ನಿಲ್ದಾಣ ದಾಟಿತು.

“ನಾನು ಲಕೋಟೆ ತೆಗೆದಿದ್ದೆ,” ಎಂದ ಅವನು.

ಅವಳು ತಿರುಗಿ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

“ಆವತ್ತು ಅಂಟು ಇನ್ನೂ ಹಸಿಯಾಗಿತ್ತು. ಉದ್ಯಾನದ ಬೆಂಚಿನ ಮೇಲೆ ಕೂತು ಬಿಚ್ಚಿದೆ. ‘ಹೌದು’ ಇದ್ರೆ ಹೊಡೆದು ‘ಇಲ್ಲ’ ಮಾಡೋಣ ಅಂತಾನೇ ಬಿಚ್ಚಿದ್ದು. ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ.”

“ಮತ್ತೆ ಯಾಕೆ ಮಾಡ್ಲಿಲ್ಲ?”

“ಪಕ್ಕದಲ್ಲಿ ‘ಒಂಬತ್ತನೇ ವಯಸ್ಸಿನಿಂದ’ ಅಂತ ನೀನು ಬರ್ದಿದ್ದೆ.”

ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ಅವಳಿಗೆ ಯಾವುದೂ ಕೇಳಿಸಲಿಲ್ಲ.

“ಮಗು ಆದ್ಮೇಲೆ ಬಂದಿದ್ದು, ನನ್ನಿಂದಾನೇ ನಿನಗೆ ಹೀಗಾಯ್ತು ಅಂತ ಇಪ್ಪತ್ತು ವರ್ಷ ಅಂದ್ಕೊಂಡಿದ್ದೆ ಕಣೇ. ನೀನು ಏದುಸಿರು ಬಿಟ್ಟಾಗಲೆಲ್ಲ ನನಗೆ ಹಾಗೇ ಅನ್ನಿಸ್ತಿತ್ತು. ನೀನು ಒಂದು ಮಾತು ಹೇಳಿದ್ರೆ ಆಗ್ತಿತ್ತು.” ಅವನು ಕಿಟಕಿಯ ಸರಳು ಹಿಡಿದುಕೊಂಡ. “ನನಗೂ ಹೇಳ್ದೆ ಇದ್ದದ್ದನ್ನ ಮೊದಲ್ನೇ ಸಲ ಎಲ್ಲೋ ಬರ್ದಿದ್ದೀಯ. ಅದನ್ನ ಹೊಡೆದು ಹಾಕೋಕೆ ಕೈ ಬರ್ಲಿಲ್ಲ. ಮತ್ತೆ ಅಂಟಿಸಿ ಕೊಟ್ಟುಬಿಟ್ಟೆ.”

ಅವಳಿಗೆ ಅಳುವುದೋ ಕೋಪಿಸಿಕೊಳ್ಳುವುದೋ ತಿಳಿಯಲಿಲ್ಲ. “ಹೇಳಿದ್ರೆ ನೀವು ಮದುವೆ ಆಗ್ತಿದ್ರಾ?” ಎಂದಳು.

ಅವನು ಯೋಚಿಸಿದ. ಸುಮ್ಮನೆ ಹೌದು ಎನ್ನಬಹುದಿತ್ತು. “ಗೊತ್ತಿಲ್ಲ,” ಎಂದ. “ಆಗ ನಾನೂ ಹೆದರುಪುಕ್ಕಲನೇ.”

ಆ ‘ಗೊತ್ತಿಲ್ಲ’ ಅವಳಿಗೆ ಚುಚ್ಚಿತು. ಆದರೆ ಅದನ್ನು ಯಾವ ಭೂತಗನ್ನಡಿಯಲ್ಲೂ ಪರೀಕ್ಷಿಸಬೇಕೆಂದು ಅನ್ನಿಸಲಿಲ್ಲ.

ಮೂರು ವಾರಕ್ಕೆ ಆದೇಶ ಬಂತು. ಸೇರಿದ ದಿನದಿಂದಲೇ ಅವರ ನಿಜವಾದ ಉತ್ತರಗಳು ಊರ್ಜಿತ. ಯಾರ ಯಾವ ಕಾಯಿಲೆಯನ್ನೂ ಹೊರಗಿಡುವಂತಿಲ್ಲ. ಉಳಿದ ಮೂವತ್ತೊಂದು ಜನರಿಗೂ ಕಂಪನಿಯೇ ನಕಲು ಕಳಿಸಿ ತಿದ್ದಲು ಅವಕಾಶ ಕೊಡಬೇಕು. ನಗೆಮುಖನ ಹಿಂದೆ ಯಾರಿದ್ದರು ಎಂಬುದಕ್ಕೆ ಬೇರೆ ತನಿಖೆ ಎಂದು ಬರೆದಿತ್ತು. ಅದು ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಅವನನ್ನು ಒಮ್ಮೆ ಬಣ್ಣದಕ್ಕ ಪೇಟೆಯಲ್ಲಿ ಕಂಡಳಂತೆ. ಮನೆ ಮಾರಿಸುವ ಕೆಲಸ ಹಿಡಿದಿದ್ದನಂತೆ, ಹಲ್ಲು ಗಿಂಜುತ್ತಲೇ ಇದ್ದನಂತೆ.

ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಕಂಪನಿಯ ಒಪ್ಪಿಗೆಗೆ ಕಾಯಬೇಕಾಯಿತು. ಎರಡು ಗಂಟೆ ಅವಳು ಕೌಂಟರಿನ ಹೆಂಗಸಿನ ಮುಖದಿಂದ ಕಣ್ಣು ಕೀಳಲಿಲ್ಲ. ಆ ಹೆಂಗಸು ಹುಬ್ಬು ಗಂಟಿಕ್ಕಿದರೆ ಇವಳು ಕುರ್ಚಿಯ ತುದಿಗೆ ಸರಿಯುತ್ತಿದ್ದಳು. ಕೊನೆಗೆ ಅವಳು ತಲೆ ಎತ್ತಿ, “ಬಂತಮ್ಮ, ಒಳಗೆ ಹೋಗಿ” ಎಂದಾಗಲೂ ಮೇಣದಕ್ಕ ಕೂತಲ್ಲಿಂದ ಏಳದೆ, “ಕಾಗದದ ಮೇಲೆ ಬಂದಿದ್ಯಾ? ತೋರಿಸ್ತೀರಾ?” ಎಂದಳು. ಗಂಡ ಅಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟ. ಹಲವು ತಿಂಗಳಲ್ಲಿ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಅವಳಿಗೆ ಲೋಹದ ಕವಾಟ ಹಾಕಿದರು. ಎಂಥ ಗಟ್ಟಿ ಕವಾಟವೆಂದರೆ, ಸುತ್ತ ನಿಶ್ಶಬ್ದವಾದರೆ ಅದು ಮುಚ್ಚುವ ಟಿಕ್ ಟಿಕ್ ಸದ್ದು ಪಕ್ಕದವರಿಗೂ ಕೇಳುತ್ತಿತ್ತು. ಇದು ಹೀಗೇ ಇರುತ್ತದೆ, ಹೆದರಬೇಡಿ ಎಂದರು ವೈದ್ಯರು. ಮೊದಮೊದಲು ಅವಳು ಎದೆಯ ಮೇಲೆ ಶಾಲು ಎಳೆದುಕೊಂಡು ಸದ್ದು ಮುಚ್ಚಲು ನೋಡಿದಳು. ಮಗಳು ಹಾಸ್ಟೆಲಿನಿಂದ ಬಂದವಳು ಕಿವಿಯಿಟ್ಟು ಕೇಳಿ, “ಅಮ್ಮಾ, ಗಡಿಯಾರ ನುಂಗಿದೀಯಾ?” ಎಂದಳು.

ಮೂರು ತಿಂಗಳ ಮೇಲೆ ಅವಳು ಕೆಲಸಕ್ಕೆ ಹೋದಳು. ಮೆಟ್ಟಿಲನ್ನು ನಿಧಾನವಾಗಿ, ಆದರೆ ಒಂದೇ ಸಲಕ್ಕೆ ಹತ್ತಿದಳು. ಮಧ್ಯಾಹ್ನ ಸೆಟ್‌ಗಳನ್ನು ಉಜ್ಜಿ ನಯಗೊಳಿಸುವ ಯಂತ್ರ ನಿಂತು ಕೋಣೆ ಸ್ತಬ್ಧವಾದಾಗ, ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಕೆಲಸ ನಿಲ್ಲಿಸಿ ಗೋಡೆಯನ್ನೂ ಕಪಾಟನ್ನೂ ದಿಟ್ಟಿಸಿದಳು.

“ಏನೋ ಟಿಕ್ ಟಿಕ್ ಅಂತಿದೆಯಲ್ಲಾ, ಏನದು?”

ಗಾರೆ ಮಾವ ಬಾಯಿ ತೆರೆಯುವ ಮೊದಲೇ ಮೇಣದಕ್ಕ ಹೇಳಿದಳು. “ನನ್ನ ಎದೆ ಕಣಮ್ಮ. ಕವಾಟ ಬದಲಾಯಿಸಿದ್ದಾರೆ. ಬಾ, ಹತ್ರ ಬಂದು ಕೇಳು.”